ವಿದ್ಯಾಪೀಠ, ವಾಣಿಜ್ಯ ಮತ್ತು ತರುಣ ಪದವೀಧರ

“ಓದು ಒಕ್ಕಾಲು, ಬುದ್ಧಿ ಮುಕ್ಕಾಲು” ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಓದಿದವನನ್ನು ಕಂಡು ವರ್ತಕನು ಈ ಮಾತನ್ನು ಆಡುವುದುಂಟು. ಓದಿದವನಾದರೋ, ವರ್ತಕನಿಗೆ ಲಾಭವಲ್ಲದೆ ಬೇರೆ ದೃಷ್ಟಿಯಿಲ್ಲವೆಂದು ಮುಖ ತಿರುಗಿಸುವುದೂ ಉಂಟು. ಈ ಎರಡು ಮನೆಗಳ ನಡುವೆ ಬಾಗಿಲೊಂದನ್ನು ತೆರೆಯಬೇಕೆಂದು ಇಪ್ಪತ್ತನೆಯ ಶತಮಾನದ ಆದಿಯಿಂದ ಪಾಶ್ಚಾತ್ಯ ದೇಶಗಳಲ್ಲಿ ನಡೆದ ಪ್ರಯತ್ನಗಳ ಕಥೆಯನ್ನು ಇಂದು ನಾವು ಶ್ರೋತೃಗಳ ಮುಂದಿಡಲು ಬಯಸುತ್ತೇವೆ. ಈ ಕಥೆಯಲ್ಲಿ ವಿಶ್ವವಿದ್ಯಾನಿಲಯವು ಒಂದು ಪಕ್ಷ, ಉದ್ಯಮಿಯು ಇನ್ನೊಂದು ಪಕ್ಷ. ಆದರೆ ಒಪ್ಪಂದದ ಭಾರವನ್ನು ಹೊರುವವನು ಇವರಿಬ್ಬರಲ್ಲಿ ಒಬ್ಬನೂ ಅಲ್ಲ. ಆಗತಾನೆ ಪದವಿಯನ್ನು ಪಡೆದು ಇಬ್ಬರ ನಡುವೆ ನಿಲ್ಲುವ ತರುಣನು. ಅವನ ಗತಿ ಏನಾಯಿತೆಂಬುದೇ ನಮ್ಮ ವಿಚಾರದ ಮುಖ್ಯಾಂಶ.

ಕೆನಡಾ ದೇಶದಲ್ಲಿ 1868ರಲ್ಲಿ ಜನಿಸಿದ ರಾಬರ್ಟ್ ಕೆನೆಡಿ ಡಂಕನ್ ಎಂಬ ರಸಾಯನ ಶಾಸ್ತ್ರಜ್ಞನು ಯೂರೋಪಿನ ಪ್ರಯೋಗಶಾಲೆಗಳನ್ನೂ ಕಾರ್ಖಾನೆಗಳನ್ನೂ ಸುತ್ತಿ ನೋಡಿದನು. ಜರ್ಮನಿಯ ಬಣ್ಣದ ಕಾರ್ಖಾನೆಗಳು ವಿಶ್ವವಿದ್ಯಾನಿಲಯಗಳಲ್ಲಿ ತರಬೇತಾದ ರಸಾಯನಜ್ಞರನ್ನು ತಂಡತಂಡವಾಗಿ ಇಟ್ಟುಕೊಂಡು ಲೋಕದ ಪೇಟೆಯನ್ನೇ ಹಿಡಿದಿದ್ದ ಕಾಲವದು. ಅಮೆರಿಕಾದಲ್ಲಾದರೋ ಅನೇಕ ತಯಾರಕರು ಅಜ್ಜನ ಕಾಲದ ಕೈರೂಢಿಯನ್ನೇ ನಂಬಿ, ಸರಕಿನ ಒಂದು ಭಾಗವನ್ನು ಹೊಗೆಗೂ ಚರಂಡಿಗೂ ಕಳೆದುಕೊಳ್ಳುತ್ತಿದ್ದರು. ಇದನ್ನು ಕಂಡು ಮರುಗಿದ ಡಂಕನನು 1906ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿ ಬಂದ ಮೇಲೆ, 1907ರಲ್ಲಿ “ಕೈಗಾರಿಕಾ ಶಿಷ್ಯವೇತನ”ವೆಂಬ ಹೊಸ ಪದ್ಧತಿಯನ್ನು ಆರಂಭಿಸಿದನು.

ಆ ಪದ್ಧತಿಯ ಕಟ್ಟಳೆಗಳು ಸರಳವಾದುವು. ಉದ್ಯಮಿಯು ತನ್ನನ್ನು ಕಾಡುತ್ತಿರುವ ಒಂದು ತೊಡಕನ್ನು ವಿಶ್ವವಿದ್ಯಾನಿಲಯಕ್ಕೆ ತಿಳಿಸಬೇಕು. ಎರಡು ವರ್ಷಗಳ ವೇತನವನ್ನು ಕೊಡಬೇಕು. ವಿಶ್ವವಿದ್ಯಾನಿಲಯವು ಯೋಗ್ಯನಾದ ಪದವೀಧರನನ್ನು ಆರಿಸಿ, ಪ್ರಯೋಗಶಾಲೆಯನ್ನೂ ಗುರುಗಳ ಮಾರ್ಗದರ್ಶನವನ್ನೂ ಒದಗಿಸಬೇಕು. ತರುಣನು ಅಲ್ಪಸ್ವಲ್ಪ ಬೋಧನೆಯ ಹೊರತು ತನ್ನ ಕಾಲವನ್ನೆಲ್ಲ ಆ ಒಂದೇ ತೊಡಕಿಗೆ ಮೀಸಲಿಡಬೇಕು. ಕಂಡುಹಿಡಿದ ವಿಧಾನವು ಹಣವಿತ್ತವನಿಗೆ ಸಲ್ಲತಕ್ಕದ್ದು. ಲಾಭ ಬಂದರೆ ಅದರಲ್ಲಿ ಒಂದು ಪಾಲು ತರುಣನಿಗೆ. ಕೊನೆಯದಾಗಿ, ಅವನು ತನ್ನ ಶೋಧನೆಯನ್ನು ಕುರಿತು ಬರೆದ ಗ್ರಂಥದ ಒಂದು ಪ್ರತಿಯು ವಿಶ್ವವಿದ್ಯಾನಿಲಯದ ಭಂಡಾರದಲ್ಲಿರಬೇಕು. ಶಿಷ್ಯವೇತನ ಮುಗಿದು ಮೂರು ವರ್ಷ ಕಳೆದ ಮೇಲೆ ಅದನ್ನು ಲೋಕೋಪಯೋಗಕ್ಕಾಗಿ ಪ್ರಕಟಿಸುವ ಸ್ವಾತಂತ್ರ್ಯ ವಿಶ್ವವಿದ್ಯಾನಿಲಯಕ್ಕಿರಬೇಕು.

ಈ ಕೊನೆಯ ಕಟ್ಟಳೆಯೇ ಇಡೀ ಒಪ್ಪಂದದ ಜೀವಾಳವೆಂದು ನಾವು ಭಾವಿಸುತ್ತೇವೆ. “ಉಂಡ ಮನೆಗೆ ಎರಡು ಬಗೆಯಬಾರದು” ಎಂಬುದು ನಮ್ಮ ಹಿರಿಯರ ನೀತಿ. ಆದರೆ ಇಲ್ಲಿ ತರುಣನಿಗೆ ಉಂಡ ಮನೆಯೊಂದು, ಕಲಿತ ಮನೆಯೊಂದು. ಅನ್ನವಿಟ್ಟವನು ಗುಟ್ಟನ್ನು ಬಯಸುತ್ತಾನೆ. ವಿದ್ಯೆಯಿತ್ತವರು ಪ್ರಕಟನೆಯನ್ನು ಬಯಸುತ್ತಾರೆ. ಡಂಕನನು ಈ ಎರಡು ಋಣಗಳಲ್ಲಿ ಯಾವುದನ್ನೂ ಅಲ್ಲಗಳೆಯದೆ, ಒಂದಕ್ಕೆ ಮೂರು ವರ್ಷಗಳ ಅವಧಿಯನ್ನು ಕೊಟ್ಟು, ಬಳಿಕ ಮತ್ತೊಂದಕ್ಕೆ ದಾರಿ ಬಿಟ್ಟನು.

ಮೊದಲ ಶಿಷ್ಯವೇತನದ ವಿಷಯವಾವುದೆಂದರೆ, ಬಟ್ಟೆ ಒಗೆಯುವುದರ ರಸಾಯನ! ಕೇಳಿ ನಗುವವರಿರಬಹುದು. ಆದರೆ ಮಡಿವಾಳರ ಕಟ್ಟೆಯಿಂದ ಬಟ್ಟೆ ಹರಿದು ಬಂದಾಗ ಯಾವ ಗೃಹಸ್ಥನೂ ನಕ್ಕುದನ್ನು ನಾವು ಕಂಡಿಲ್ಲ. ಶಾಸ್ತ್ರಕ್ಕೆ ಅಲ್ಪವಾದ ವಿಷಯವೆಂಬುದಿಲ್ಲವೆಂದು ಈ ಆರಂಭವೇ ಸಾರಿತು.

ಡಂಕನನ ಬರಹಗಳು ಪಿಟ್ಸ್‌ಬರ್ಗ್ ನಗರದ ಧನಿಕನಾದ ಆಂಡ್ರೂ ಮೆಲನ್ ಎಂಬವನ ಕಣ್ಣಿಗೆ ಬಿದ್ದುವು. 1911ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿಯೂ ಈ ಪದ್ಧತಿ ಕಾಲೂರಿತು. 1913ರಲ್ಲಿ ಆಂಡ್ರೂ ಮತ್ತು ರಿಚರ್ಡ್ ಮೆಲನ್ ಸೋದರರ ದಾನದಿಂದ ಮೆಲನ್ ಸಂಶೋಧನ ಸಂಸ್ಥೆಯು ಸ್ಥಾಪಿತವಾಯಿತು. ಮರುವರ್ಷವೇ ಡಂಕನನು ತೀರಿಕೊಂಡನಾದರೂ ಅವನು ಹಾಕಿದ ಮೇಲ್ಪಂಕ್ತಿ ಉಳಿಯಿತು. 1914ರಲ್ಲಿ ಜಾರ್ಜ್ ಕರ್ಮ್ ಎಂಬ ತರುಣ ರಸಾಯನಜ್ಞನು ಅಲ್ಲಿಗೆ ಬಂದನು. ಮೋಟಾರುಗಳ ದೀಪಕ್ಕೆ ಬೇಕಾದ ಅಸಿಟಿಲೀನ್ ಅನಿಲವನ್ನು ಅಗ್ಗವಾಗಿ ಪಡೆಯುವ ಬಗೆಯನ್ನು ಹುಡುಕುವಂತೆ ಪ್ರೆಸ್ಟ್-ಒ-ಲೈಟ್ ಕಂಪೆನಿಯು ಅವನಿಗೆ ವೇತನವಿತ್ತಿತ್ತು. ಹುಡುಕುವಾಗ ಎಥಿಲೀನ್ ಎಂಬ ಇನ್ನೊಂದು ಅನಿಲವೂ ಕೂಡ ದೊರೆಯಿತು. ಅದನ್ನು ಬಿಸಾಡದೆ ಅದರಿಂದ ಏನೇನು ಮಾಡಬಹುದೆಂದು ಅವನು ಬೆನ್ನುಹತ್ತಿದನು. ಚಳಿನಾಡಿನ ಮೋಟಾರುಗಳ ನೀರು ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಮೊದಲಾದ ಪದಾರ್ಥಗಳ ದೊಡ್ಡ ಉದ್ಯಮವೇ ಅದರಿಂದ ಬೆಳೆಯಿತು. ಬೇಡಿದ್ದು ಒಂದು, ದೊರೆತದ್ದು ಮತ್ತೊಂದು. ಹುಡುಕುವವನಿಗೆ ಬಿಡುವಿದ್ದುದರಿಂದ ದೊರೆತದ್ದೂ ಸಾರ್ಥಕವಾಯಿತು.

ಹಣವಿತ್ತವರಿಗೆ ಮಾತ್ರ ಕೆಲಸ ಮಾಡಿದರೆಂದು ಆ ಸಂಸ್ಥೆಯನ್ನು ದೂರುವಂತೆಯೂ ಇಲ್ಲ. ಪಿಟ್ಸ್‌ಬರ್ಗಿನ ಕಲ್ಲಿದ್ದಲ ಹೊಗೆಯು ಜನರ ಶ್ವಾಸಕೋಶಗಳಿಗೂ ಗಿಡಮರಗಳಿಗೂ ಕಟ್ಟಡಗಳಿಗೂ ಮಾಡುತ್ತಿದ್ದ ಹಾನಿಯನ್ನು 1911ರಿಂದ ಮೂರು ವರ್ಷಗಳ ಕಾಲ ಪರೀಕ್ಷಿಸಿ, ಫಲಗಳನ್ನು ಪುಸ್ತಿಕೆಗಳಾಗಿ ಬಹಿರಂಗಪಡಿಸಿದರು. ನಗರವು ಹೊಗೆಯನ್ನು ತಡೆಯುವ ಬಿಗಿಯಾದ ಶಾಸನವನ್ನು ಮಾಡಿದುದು 1941ರಲ್ಲಿ. ಜ್ಞಾನವು ಸಿದ್ಧವಾಗಿದ್ದರೂ ಅದನ್ನು ಕೊಳ್ಳುವವನಿಲ್ಲದಿದ್ದರೆ ಎಷ್ಟು ಕಾಲ ಕಾಯಬೇಕಾಗುವುದೆಂಬುದಕ್ಕೆ ಇದು ನಿದರ್ಶನ.

ಇನ್ನು ಇಂಗ್ಲೆಂಡಿನ ಕಡೆಗೆ ತಿರುಗೋಣ. ಅಮೆರಿಕಾದಲ್ಲಿ ತೊಡಕು ವಿದ್ಯಾಪೀಠಕ್ಕೆ ಬಂದಿತು. ಇಲ್ಲಿ ಪದವೀಧರನೇ ತೊಡಕಿದ್ದ ಎಡೆಗೆ ಹೋದನು. 1975ರಲ್ಲಿ ಬ್ರಿಟಿಷ್ ಸರ್ಕಾರದ ಕೈಗಾರಿಕಾ ಇಲಾಖೆಯೂ ವಿಜ್ಞಾನ ಸಂಶೋಧನ ಮಂಡಲಿಯೂ ಕೂಡಿ “ಟೀಚಿಂಗ್ ಕಂಪೆನಿ” ಎಂಬ ಯೋಜನೆಯನ್ನು ಆರಂಭಿಸಿದುವು. ವೈದ್ಯ ವಿದ್ಯಾರ್ಥಿಯು ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯುವಂತೆ, ಎಂಜಿನಿಯರನು ಕಾರ್ಖಾನೆಯ ಯಂತ್ರದ ಬಳಿ ನಿಂತು ಕಲಿಯಲಿ ಎಂಬುದೇ ಆ ಹೆಸರಿನ ಇಂಗಿತ. ಪದವೀಧರನು ಎರಡು ವರ್ಷ ಕಾರ್ಖಾನೆಯಲ್ಲಿ ನಿಶ್ಚಿತವಾದ ಒಂದು ಕಾರ್ಯವನ್ನು ನಡೆಸುವನು. ವಿಶ್ವವಿದ್ಯಾನಿಲಯದ ಅಧ್ಯಾಪಕನೂ ಕಂಪೆನಿಯ ಅಧಿಕಾರಿಯೂ ಜೊತೆಗೂಡಿ ಅವನನ್ನು ನಡೆಸುವರು. ವೆಚ್ಚವನ್ನು ಸರ್ಕಾರವೂ ಕಂಪೆನಿಯೂ ಹಂಚಿಕೊಳ್ಳುವುವು. 2003ರಲ್ಲಿ ಈ ಯೋಜನೆಯು “ನಾಲೆಜ್ ಟ್ರಾನ್ಸ್‌ಫರ್ ಪಾರ್ಟ್‌ನರ್‌ಷಿಪ್”, ಅಂದರೆ ಜ್ಞಾನ ವರ್ಗಾವಣೆಯ ಪಾಲುಗಾರಿಕೆ, ಎಂಬ ಹೆಸರನ್ನು ತಳೆದು ಇಂದಿಗೂ ನಡೆಯುತ್ತಿದೆ. ಇದರಲ್ಲಿ ಸೇರುವ ತರುಣ ತರುಣಿಯರು ಕೆಲಸ ಮಾಡುವುದು ಕಂಪೆನಿಯಲ್ಲಿ. ನೌಕರರಾಗಿರುವುದು ಮಾತ್ರ ಸಾಮಾನ್ಯವಾಗಿ ವಿದ್ಯಾಸಂಸ್ಥೆಗೆ. ಅವರ ಸ್ವಂತ ಶಿಕ್ಷಣಕ್ಕೂ ಕಾಲವನ್ನು ಮೀಸಲಿಡಲಾಗುತ್ತದೆ. ಅವಧಿ ಮುಗಿದಾಗ ಅನೇಕರಿಗೆ ಅದೇ ಕಂಪೆನಿಯಲ್ಲಿ ಉದ್ಯೋಗ ದೊರೆಯುವುದುಂಟು.

ಮೆಲನ್ ಸಂಸ್ಥೆಯು 1967ರಲ್ಲಿ ಕಾರ್ನೆಗಿ ತಾಂತ್ರಿಕ ವಿದ್ಯಾಲಯದೊಡನೆ ಕೂಡಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯವಾಯಿತು. ಅಷ್ಟು ಹೊತ್ತಿಗೆ ದೊಡ್ಡ ಕಂಪೆನಿಗಳು ತಮ್ಮವೇ ಪ್ರಯೋಗಶಾಲೆಗಳನ್ನು ಕಟ್ಟಿಕೊಂಡಿದ್ದುವು. ಹಾಗೆ ಕಟ್ಟಲು ಶಕ್ತಿಯಿಲ್ಲದ ಸಣ್ಣ ಕಾರ್ಖಾನೆಗಳು ಎಲ್ಲ ಕಾಲದಲ್ಲಿಯೂ ಇರುವುವಾದುದರಿಂದ, ಬಾಗಿಲು ಮುಚ್ಚುವಂತಿಲ್ಲ.

ಇಂಥ ಪಾಲುಗಾರಿಕೆಯ ಬೆಲೆಯನ್ನು ಲಾಭದ ಲೆಕ್ಕದಿಂದ ಮಾತ್ರ ಕಟ್ಟುವುದು ಉಚಿತವಲ್ಲ. ಎರಡು ವರ್ಷದ ಬಳಿಕ ಆ ತರುಣನು ಅಗ್ಗದ ಕೂಲಿಯಾಳಾಗಿ ಸವೆದನೋ, ತನ್ನ ತಲೆಯಿಂದ ಯೋಚಿಸಬಲ್ಲ ವಿದ್ವಾಂಸನಾಗಿ ಬೆಳೆದನೋ? ಅವನು ಕಂಡುಕೊಂಡುದರಲ್ಲಿ ಕಿಂಚಿತ್ತಾದರೂ ಲೋಕಕ್ಕೆ ಸಂದಿತೋ? ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಎರಡು ಪಕ್ಷದವರೂ ಈ ಪ್ರಶ್ನೆಗಳನ್ನು ಕೇಳಿಕೊಂಡರೆ, ಉಂಡ ಮನೆಗೂ ಕಲಿತ ಮನೆಗೂ ಅವನು ಋಣ ತೀರಿಸಬಲ್ಲನು.