ಕಫೀಲ್: ಅಂದು ಹೊಣೆಗಾರ, ಇಂದು ಒಡೆಯ

ಜವಳಗೇರಾ, ಸಿಂಧನೂರು ಕಡೆಯ ಹುಡುಗರು ಗಲ್ಫ್‌ಗೆ ಹೊರಡುವ ಮುನ್ನ ಕೆಲವೊಮ್ಮೆ ವೀಸಾ ಕಾಗದ ಹಿಡಿದು ಮಸೀದಿಗೆ ಬರುತ್ತಾರೆ. "ಹಜ್ರತ್, ಅರಬಿಯೊಳಗ ಐತಿ, ಏನ್ ಬರದಾರ ಓದಿ ಹೇಳ್ರಿ" ಎನ್ನುತ್ತಾರೆ. ಕಫೀಲ್ ಅಂದರೆ ಯಾರು ಎಂದು ನಾನು ಕೇಳಿದರೆ, "ಸೇಠ್, ಮಾಲೀಕ" ಎಂಬ ಉತ್ತರ ಬರುತ್ತದೆ. ನಮ್ಮ ಗ್ರಂಥಗಳಲ್ಲಿ ಈ ಪದಕ್ಕೆ ಆ ಅರ್ಥವಿಲ್ಲ.

ಕಫೀಲ್ ಎಂದರೆ ಇನ್ನೊಬ್ಬರ ಹೊಣೆ ಹೊತ್ತವನು. ಹ. ಝಕರಿಯ್ಯಾ(ಅ) ಬಾಲಕಿ ಮರ್ಯಮರ ಪಾಲನೆ ವಹಿಸಿಕೊಂಡದ್ದನ್ನು ಕುರ್‌ಆನ್ ಆಲಿ ಇಮ್ರಾನ್ ಅಧ್ಯಾಯದಲ್ಲಿ ಇದೇ ಧಾತುವಿನ ಪದದಿಂದ ಹೇಳುತ್ತದೆ. ಫಿಕ್ಹ್‌ನಲ್ಲಿ, ಸಾಲಗಾರ ತೀರಿಸದಿದ್ದರೆ ತಾನು ತೆರಬೇಕಾದವನು ಕಫೀಲ್.

ಇಮಾಮ್ ಬುಖಾರಿಯವರು ಕಫಾಲಾ ಅಧ್ಯಾಯದಲ್ಲಿ ಒಂದು ಘಟನೆ ಸೇರಿಸಿದ್ದಾರೆ. ಮಕ್ಕಾದ ಹಿಂಸೆ ತಾಳದೆ ಹ. ಅಬೂಬಕರ್(ರ) ಅಬಿಸೀನಿಯಾಕ್ಕೆ ಹೊರಟಿದ್ದರು. ದಾರಿಯಲ್ಲಿ ಖಾರಾ ಗೋತ್ರದ ಮುಖಂಡ ಇಬ್ನುದ್ದಗಿನ ಸಿಕ್ಕ. ಅವನು ಮುಸ್ಲಿಮನಲ್ಲ. ಆದರೂ ಇಂಥವರು ಊರು ಬಿಡಬಾರದೆಂದು ರಕ್ಷಣೆಯ ಮಾತು ಕೊಟ್ಟು, ಜೊತೆಗೇ ಮಕ್ಕಾಕ್ಕೆ ಮರಳಿದ, ಕುರೈಶ್ ಮುಖಂಡರ ಬಳಿ ತಾನೇ ಹೋಗಿ ಅದನ್ನು ಸಾರಿದ. ಕುರೈಶರು ಒಪ್ಪಿದರು, ಆದರೆ ಆರಾಧನೆ ಮನೆಯೊಳಗೇ ಇರಬೇಕೆಂದರು. ಕೆಲವು ದಿನಗಳ ನಂತರ ಅಬೂಬಕರ್(ರ) ಮನೆಯಂಗಳದಲ್ಲಿ ನಮಾಝಿನ ಜಾಗ ಕಟ್ಟಿ ಕುರ್‌ಆನ್ ಓದತೊಡಗಿದರು. ಹೆಂಗಸರು, ಮಕ್ಕಳು ನೆರೆದರು. ಕುರೈಶರು ದೂರಿದಾಗ ಇಬ್ನುದ್ದಗಿನ ಬಂದು, ಷರತ್ತಿಗೆ ಬದ್ಧರಾಗಿ, ಇಲ್ಲವೇ ನನ್ನ ಹೊಣೆ ಹಿಂತಿರುಗಿಸಿ ಎಂದ. ಅವರು ಹಿಂತಿರುಗಿಸಿದರು, ಅಲ್ಲಾಹನ ರಕ್ಷಣೆ ಸಾಕೆಂದರು. ಷರತ್ತು ಇಬ್ಬರಿಗೂ ಗೊತ್ತಿತ್ತು. ಬಿಡುವ ದಾರಿ ಇಬ್ಬರಿಗೂ ತೆರೆದಿತ್ತು.

ಅದು ಬದಲಾದದ್ದು ತೀರಾ ಇತ್ತೀಚೆಗೆ. ಸೌದಿಯ ವಾಸ್ತವ್ಯ ಕಾನೂನು 1952ರದು, ಕುವೈತ್‌ನದು 1959ರದು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಲಕ್ಷಗಟ್ಟಲೆ ಕೆಲಸಗಾರರು ಬೇಕಾದರು. ಕೆಲಸದ ವೀಸಾ, ಇಕಾಮಾ, ಅದರ ನವೀಕರಣ ಎಲ್ಲವೂ ಕಫೀಲನ ಕೈಯಲ್ಲಿ ಉಳಿಯಿತು. ಕೆಲಸ ಬದಲಿಸಲು ಅವನ ಒಪ್ಪಿಗೆ, ಸೌದಿ, ಕತಾರ್‌ಗಳಲ್ಲಿ ಊರಿಗೆ ಮರಳಲೂ ಅವನ ಸಹಿ. ಹೊರಬೇಕಾದವನೇ ಹಿಡಿದಿಡುವವನಾದ. ಇದಕ್ಕೆ ಶರೀಅತ್‌ನ ಹೆಸರು ಅಂಟಿಕೊಂಡಿರುವುದು ನನಗಂತೂ ಬಹಳ ನೋವಿನ ಸಂಗತಿ.

ನಮ್ಮ ದೇಶವೂ ಸುಮ್ಮನಿರಲಿಲ್ಲ. 1983ರ ವಲಸೆ ಕಾಯ್ದೆ ಬಂತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅವರು ಗಲ್ಫ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಅಲ್ಲಿ ಒಪ್ಪಂದ ನೋಡುತ್ತಾರೆ, 10 ಲಕ್ಷದ ವಿಮೆ ಕಡ್ಡಾಯ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಜಿಎಸ್‌ಟಿ ಬಿಟ್ಟು 30,000 ರೂಪಾಯಿ ಮಾತ್ರ. ಏಜೆಂಟರು ವಿಸಿಟ್ ವೀಸಾದಲ್ಲಿ ಕಳಿಸುವುದು ಈ ತಪಾಸಣೆ ತಪ್ಪಿಸಲಿಕ್ಕೇ. ಇನ್ನು 'ಆಜಾದ್ ವೀಸಾ' ಎಂಬುದು ಯಾವ ದೇಶದ ಕಾನೂನಿನಲ್ಲೂ ಇಲ್ಲ. ಅದು ಒಬ್ಬ ಕಫೀಲನ ಹೆಸರಲ್ಲಿ ಹೋಗಿ ಇನ್ನೊಬ್ಬನ ಬಳಿ ದುಡಿಯುವುದು. ಸಿಕ್ಕಿಬಿದ್ದರೆ ಅಪರಾಧಿ ನಮ್ಮ ಹುಡುಗನೇ.

ಕತಾರ್ 2020ರಲ್ಲಿ ಕೆಲಸ ಬದಲಿಸಲು ಒಪ್ಪಿಗೆ ಪತ್ರ ಬೇಕೆಂಬ ನಿಯಮ ತೆಗೆಯಿತು. ಸೌದಿ 2021ರ ಮಾರ್ಚ್‌ನಿಂದ ಖಾಸಗಿ ಕಂಪನಿಗಳ ಕೆಲಸಗಾರರಿಗೆ ಸಡಿಲಿಕೆ ಕೊಟ್ಟಿತು. ಆದರೆ ಮನೆಗೆಲಸದವರು, ಮನೆಯ ಡ್ರೈವರ್, ಕಾವಲುಗಾರ, ಕುರಿಗಾಹಿ, ತೋಟದಾಳು, ಈ ಐದು ಬಗೆಯವರನ್ನು ಆ ಸುಧಾರಣೆ ಹೊರಗಿಟ್ಟಿತು. ಮಸೀದಿಗೆ ಬರುವ ಕಾಗದಗಳಲ್ಲಿ ನಾನು ಹೆಚ್ಚಾಗಿ ಓದುವುದು ಈ ಹೆಸರುಗಳನ್ನೇ.