ಮೇಸ್ತ್ರಿಯ ಕಣ್ಣು: ಕೊಲ್ಹಾಪುರ ಸೀಮೆಯ ಎರಡು ಕ್ಯಾಮೆರಾಗಳು

ಕನ್ನಡ ಸಾಹಿತ್ಯ ಓದುವವರಿಗೆ ಕಾರ್ಖಾನೆಯ ಕ್ಯಾಮೆರಾ ಜೊತೆ ಏನು ಕೆಲಸ ಅಂತ ಕೇಳಬಹುದು. ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಒಂದು ಪದ: ಮೇಸ್ತ್ರಿ.

ಪೋರ್ಚುಗೀಸಿನಿಂದ ಬಂದ ಈ ಪದ ಕೊಲ್ಹಾಪುರದ ಮರಾಠಿಯಲ್ಲೂ ಇದೆ, ಗಡಹಿಂಗ್ಲಜ ಕಡೆಯ ಕನ್ನಡದಲ್ಲೂ ಇದೆ. ಕೆಲಸ ಮಾಡುವವನೂ ಮೇಸ್ತ್ರಿ, ಮಾಡಿದ್ದನ್ನು ನೋಡಿ ಸರಿ-ತಪ್ಪು ಹೇಳುವವನೂ ಮೇಸ್ತ್ರಿ. ಕೈ, ಕಣ್ಣು ಎರಡೂ ಒಂದೇ ಪದದೊಳಗಿವೆ.

ಬಾಬುರಾವ್ ಪೇಂಟರ್ (1890–1954) ಅವರ ಮನೆತನದ ಹೆಸರೇ ಮೇಸ್ತ್ರಿ. ಅವರು, ಸೋದರಸಂಬಂಧಿ ಆನಂದರಾವ್ ಇಬ್ಬರೂ ನಾಟಕದ ಪರದೆ ಬರೆಯುತ್ತಿದ್ದವರು. ಸ್ವಂತ ಚಲನಚಿತ್ರ ಕ್ಯಾಮೆರಾ ಕಟ್ಟುವ ಹಂಬಲದ ನಡುವೆಯೇ 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಶಿಷ್ಯ ದಾಮ್ಲೆಯವರ ಜೊತೆ 1918ರ ಹೊತ್ತಿಗೆ ಅದನ್ನು ಮಾಡಿ ಮುಗಿಸಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ‘ಸೈರಂಧ್ರಿ’ 1920ರಲ್ಲಿ ತೆರೆ ಕಂಡಿತು. ಅಲ್ಲಿ ಕ್ಯಾಮೆರಾ ಮಾಡಿದ ಕೈಯದೇ ಅದರೊಳಗೆ ನೋಡಿದ ಕಣ್ಣು.

ಎರಕದ ಬಿಡಿಭಾಗ, ಬಟ್ಟೆ ತಪಾಸಣೆ ಮಾಡುವ ಇಂದಿನ ಕ್ಯಾಮೆರಾ ಬೇರೆ ಥರದ್ದು. ಬೆಂಕಿಪೊಟ್ಟಣದ ಗಾತ್ರ, ಎಷ್ಟೋ ಮಾದರಿಗಳ ಮುಖ 29 ಮಿ.ಮೀ. ಚೌಕ. ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲ. ಚಿತ್ರ ನೇರ ಕಂಪ್ಯೂಟರಿಗೆ. ಇದರ ವಂಶ 1969ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದ ಸಿಸಿಡಿಯ ಕಡೆಗೆ ಹೋಗುತ್ತದೆ.

ಬಟ್ಟೆಗೆ ಬಳಸುವುದು ಸಾಲು-ಕ್ಯಾಮೆರಾ. ಅದು ಒಮ್ಮೆಗೆ ಒಂದೇ ಗೆರೆ ನೋಡುತ್ತದೆ. ಬಟ್ಟೆ ಸರಿದಂತೆ ಗೆರೆಗೆ ಗೆರೆ ಸೇರಿ ಚಿತ್ರ ಆಗುತ್ತದೆ, ಮಗ್ಗದಲ್ಲಿ ಹೊಕ್ಕಿನ ಎಳೆ ಎಳೆ ಸೇರಿ ಬಟ್ಟೆ ಆದ ಹಾಗೆ. ಲೆಕ್ಕ ನೋಡಿ: 60 ಇಂಚು ಪನ್ನಾವನ್ನು 4096 ಬಿಂದುಗಳಲ್ಲಿ ಹಿಡಿದರೆ ಒಂದು ಬಿಂದುವಿಗೆ ಸುಮಾರು 0.37 ಮಿ.ಮೀ. ಇಂಚಿಗೆ 60 ಎಳೆಯ ಬಟ್ಟೆಯಲ್ಲಿ ಎಳೆಯಿಂದ ಎಳೆಗೆ 0.42 ಮಿ.ಮೀ. ಅಂದರೆ ಹೆಚ್ಚೂಕಡಿಮೆ ಎಳೆಗೊಂದು ಬಿಂದು.

ಆದರೆ ಎಳೆ ತಪ್ಪಿದ್ದು ಕಂಡರೆ ಸಾಕೆ? ಯಾವುದನ್ನು ದೋಷ ಅನ್ನಬೇಕು ಅನ್ನೋ ಮಿತಿಯನ್ನು ಯಾರೋ ಮೊದಲೇ ಕಟ್ಟಿಟ್ಟಿರುತ್ತಾರೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಇಚಲಕರಂಜಿಯಲ್ಲಿ ಬಹಳಷ್ಟು ನೇಕಾರಿಕೆ ಮಜೂರಿಯ ಮೇಲೆ ನಡೆಯುತ್ತದೆ: ನೂಲು ವ್ಯಾಪಾರಿಯದು, ಮಗ್ಗ ನೇಕಾರನದು. ದಪ್ಪ ಗಂಟು ಬಂದರೆ ಅದು ನೂಲಿನ ದೋಷ ಇರಬಹುದು. ಹೊಕ್ಕು ಬಿಟ್ಟಿದ್ದರೆ ಮಗ್ಗದ್ದು. ಮೇಜಿನ ಮೇಲೆ ಥಾನು ಬಿಚ್ಚಿದಾಗ ನೇಕಾರ ಬೆರಳಿಟ್ಟು ವಾದ ಮಾಡಬಹುದು. ಕ್ಯಾಮೆರಾ ಮಾತ್ರ ದೋಷ ಎಲ್ಲಿದೆ ಅಂತ ಹೇಳುತ್ತದೆ, ಯಾರದು ಅಂತ ತಾನಾಗಿ ಹೇಳದು.

ಹೀಗಾಗಿ ನನ್ನ ವಾದ ಇಷ್ಟೆ. ತಪಾಸಣೆಯ ಕ್ಯಾಮೆರಾ ಮೇಸ್ತ್ರಿ ಎಂಬ ಪದವನ್ನು ಎರಡು ಹೋಳು ಮಾಡುತ್ತಿದೆ: ಕೈ ಇಲ್ಲೇ ಉಳಿದು, ಕಣ್ಣು ಮಾಲೀಕರ ಕಡೆಗೆ ಹೋಗುತ್ತಿದೆ. ಯಂತ್ರ ಬೇಡ ಅನ್ನುತ್ತಿಲ್ಲ. ಮಜೂರಿ ಕತ್ತರಿಸುವ ಮೊದಲು ಆ ಚಿತ್ರ ನೇಯ್ದವರ ಕೈಗೂ ಬರಲಿ; ಮಿತಿ ಕಟ್ಟುವಾಗ ಅವರ ಮಾತೂ ಇರಲಿ. ಇದನ್ನು ಚರ್ಚೆಗೆ ಇಡುತ್ತೇನೆ.