ಗೆದ್ದವರ ಭಾಷೆ, ಸೋತವರ ನಾಲಿಗೆ: ಸಿಲೋಜಿ ಕುರಿತು ಒಂದು ಅಧ್ಯಯನ

ಜಾಂಬಿಯಾದ ಪಶ್ಚಿಮ ಪ್ರಾಂತ್ಯದ ಲೋಜಿ ಜನ ತಮ್ಮನ್ನು ಗೆದ್ದ ಕೊಲೊಲೊಗಳನ್ನು 1864ರಲ್ಲಿ ಸದೆಬಡಿದರು. ಅವರ ಭಾಷೆಯನ್ನು ಮಾತ್ರ ಬಿಡಲಿಲ್ಲ. ಲೋಜಿಗಳ ಇಂದಿನ ನುಡಿಯಾದ ಸಿಲೋಜಿ ಬಾಂಟು ಕುಟುಂಬದ ಸೋತೊ ಗುಂಪಿಗೆ ಹತ್ತಿರದ್ದು. ಲೋಜಿಗಳ ಪೂರ್ವಿಕರ ನುಡಿಯಾದ ಲುಯಾನ ಬೇರೊಂದು ಕವಲಿನದು. ಈ ಪಲ್ಲಟವನ್ನು ಆಕ್ರಮಣವೊಂದರಿಂದಲೇ ವಿವರಿಸಲಾಗದು ಎಂಬುದು ಈ ಲೇಖನದ ವಾದ.

ಸೆಬೆಟ್ವಾನೆಯ ನಾಯಕತ್ವದಲ್ಲಿ ದಕ್ಷಿಣದಿಂದ ಬಂದ, ಸೋತೊ ನುಡಿಯಾಡುವ ಕೊಲೊಲೊ ಪಡೆ 1840ರ ಸುಮಾರಿಗೆ ಜಾಂಬೆಜಿಯ ನೆರೆಬಯಲನ್ನು ವಶಪಡಿಸಿಕೊಂಡಿತು. ಅವರ ಆಳ್ವಿಕೆ ನಡೆದದ್ದು ಸುಮಾರು ಕಾಲು ಶತಮಾನ. 1864ರ ಲೋಜಿ ದಂಗೆಯಲ್ಲಿ ಕೊಲೊಲೊ ಗಂಡಸರಲ್ಲಿ ಬಹುಪಾಲು ಹತರಾದರು. ಹೆಂಗಸರು ಲೋಜಿ ಮನೆಗಳನ್ನು ಸೇರಿದರು. ಹೀಗೆ ಆಳುವವರ ಭಾಷೆ ತಾಯಂದಿರ ಮಾತಾಗಿ ಮುಂದಿನ ಪೀಳಿಗೆಗೆ ದಾಟಿತು. 1880ರ ದಶಕದಲ್ಲಿ ಬಂದ ಫ್ರೆಂಚ್ ಮಿಷನರಿ ಫ್ರಾನ್ಸ್ವಾ ಕೊಯ್ಯಾರ್ ಅದಕ್ಕೆ ಮುನ್ನ ಬಸುಟೊಲ್ಯಾಂಡಿನಲ್ಲಿ ದುಡಿದವರು. ಸೋತೊ ಅವರಿಗೆ ಬರುತ್ತಿತ್ತು, ಆ ಭಾಷೆಯ ಪುಸ್ತಕಗಳೂ ಸಿದ್ಧವಿದ್ದವು. ದೊರೆ ಲೆವಾನಿಕಾನ ಕಾಲದಲ್ಲಿ ಶಾಲೆಗಳು ತೆರೆದಾಗ ಮನೆಮಾತಿಗೆ ಬರಹದ ಬಲವೂ ಕೂಡಿಬಂತು.

ಆದರೆ ಲೋಜಿ ನಾಲಿಗೆ ಸೋತೊವನ್ನು ಇದ್ದ ಹಾಗೇ ಒಪ್ಪಿಕೊಳ್ಳಲಿಲ್ಲ. ಸೋತೊದಲ್ಲಿ ಮನುಷ್ಯ 'ಮೊಥೊ', ಮನುಷ್ಯರು 'ಬಥೊ'. ಸಿಲೋಜಿಯಲ್ಲಿ 'ಮುತು', 'ಬತು'. ಏಕವಚನ ಬಹುವಚನಗಳ ಪೂರ್ವಪ್ರತ್ಯಯ ಉಳಿದು, ಮಹಾಪ್ರಾಣ ಕಳಚಿತು. ಆನೆಯ ಹೆಸರಾದ 'ತ್ಲೊಉ' ಇಲ್ಲಿ 'ತೊಉ' ಆಯಿತು.

ಇನ್ನೂ ಬಲವಾದ ಸಾಕ್ಷ್ಯ ವ್ಯಾಕರಣದಲ್ಲಿದೆ. ಮನೆಗೆ 'ನ್ತ್ಲೊ' ಎನ್ನುವ ಸೋತೊ, 'ಮನೆಯಲ್ಲಿ' ಎನ್ನಲು ಕನ್ನಡದಂತೆ ಪದದ ಕೊನೆಗೆ ಪ್ರತ್ಯಯ ಹಚ್ಚಿ 'ನ್ತ್ಲೊಂಗ್' ಎನ್ನುತ್ತದೆ. ಸಿಲೋಜಿ 'ಮ್ವಾ ನ್ದು' ಎನ್ನುತ್ತದೆ. ಇಲ್ಲಿ ಸ್ಥಳಸೂಚಕವು ಪದಕ್ಕೆ ಮೊದಲೇ ನಿಲ್ಲುತ್ತದೆ. ಒಳಗಿಗೆ 'ಮ್ವಾ', ಮೇಲಕ್ಕೆ 'ಫಾ', ಕಡೆಗೆ 'ಕ್ವಾ' ಎಂಬ ಈ ವಿಂಗಡಣೆ ಹಳೆಯ ಬಾಂಟು ಲಕ್ಷಣ. ಸೋತೊದಲ್ಲಿ ಸವೆದುಹೋಗಿದ್ದ ಅದು ಲುಯಾನದ ಪ್ರಭಾವದಿಂದ ಇಲ್ಲಿ ಮರಳಿ ಚಿಗುರಿದೆ.

ಲುಯಾನವೂ ಪೂರ್ತಿ ಅಳಿಯಲಿಲ್ಲ. ಲಿಟುಂಗಾ ಎನಿಸಿಕೊಳ್ಳುವ ದೊರೆಯ ಆಸ್ಥಾನದಲ್ಲಿ, ಹೊಗಳಿಕೆಯ ಪದಗಳಲ್ಲಿ, ಹಾಡುಗಳಲ್ಲಿ ಅದರ ಸ್ಥಾನ ಭದ್ರವಾಗಿದೆ. ನಿತ್ಯದ ವ್ಯವಹಾರ ಸಿಲೋಜಿಯದು: ಅದು ಜಾಂಬಿಯಾದ ಏಳು ಪ್ರಾದೇಶಿಕ ಭಾಷೆಗಳಲ್ಲೊಂದು; ನಮೀಬಿಯಾದ ಜಾಂಬೆಜಿ ಪ್ರದೇಶದ ಶಾಲೆಗಳಲ್ಲೂ ಬಳಕೆಯಲ್ಲಿದೆ.

ಆದ್ದರಿಂದ ಭಾಷಾಪಲ್ಲಟವನ್ನು ಅಳೆಯುವಾಗ ರಣರಂಗದ ಜೊತೆಗೆ ಮನೆ, ಶಾಲೆ, ಆಸ್ಥಾನಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಪದಪಟ್ಟಿಯನ್ನಷ್ಟೇ ನಂಬಿ ಸಿಲೋಜಿಯನ್ನು ಸೋತೊದ ಕವಲೆಂದು ಕೈಬಿಟ್ಟರೆ, ಅದನ್ನು ತಮ್ಮದಾಗಿಸಿಕೊಂಡ ಜನರ ಚರಿತ್ರೆಯೇ ನಮ್ಮ ಲೆಕ್ಕದಿಂದ ತಪ್ಪಿಹೋಗುತ್ತದೆ.